ಏಪ್ರಿಲ್ ಬಿಸಿಲಿಗೂ ಬಗ್ಗದ ಹೂಗಳು: ಅಂಗಳಕ್ಕ ಯಾವು, ಕುಂಡಕ್ಕ ಯಾವು?

ಸೇವಂತಿಗಿ ಸುಗ್ಗಿ ಮುಗೀತು ಅನ್ನೋದ್ರಾಗ ನನ್ನ ವಾಟ್ಸಾಪಿಗೆ ಬರೋ ಪ್ರಶ್ನೆ ಒಂದೇ: "ಅಣ್ಣಾರ, ಬ್ಯಾಸಗಿ ಬಂತು. ಮನಿ ಮುಂದ ಹಚ್ಚಾಕ ಬಿಸಿಲು ತಡಿಯೋ ಹೂ ಯಾವು ಅದಾವ?" ನವಲಗುಂದದಿಂದ ಕೇಳ್ತಾರ, ಕುಂದಗೋಳದಿಂದ ಕೇಳ್ತಾರ, ಕಲಘಟಗಿಯವರೂ ಕೇಳ್ತಾರ. ಹೆಸರು ಹೇಳಿ ಮುಗಿಸೋದು ಸುಲಭ. ಆದರೆ ಹೆಸರಿಗಿಂತ ಮುಂಚೆ ತಿಳಕೊಳ್ಳಬೇಕಾದ ಮಾತು ಇನ್ನೊಂದು ಅದ. ಬೇಸಿಗೆಯಲ್ಲಿ ಹೂಗಿಡ ಸಾಯೋದು ಬಹಳ ಸಲ ಬಿಸಿಲಿನಿಂದ ಅಲ್ಲ. ಕಾದ ಬೇರಿನಿಂದ, ಸವಳು ನೀರಿನಿಂದ, ಹೊತ್ತಲ್ಲದ ಹೊತ್ತಿನಲ್ಲಿ ಹಾಕಿದ ನೀರಿನಿಂದ. ಈ ಮೂರನ್ನ ಸಂಭಾಳಿಸಿದರೆ ನಮ್ಮ ಜಿಲ್ಲೆಯ ಏಪ್ರಿಲ್-ಮೇ ಬಿಸಿಲಿನಲ್ಲೂ ಅಂಗಳದಲ್ಲಿ ಹೂ ನಿಲ್ಲುತ್ತವೆ.

ಈ ಲೇಖನ ಫೆಬ್ರವರಿ ಮೊದಲ ವಾರಕ್ಕೆ ಬರೆದದ್ದಕ್ಕೂ ಕಾರಣ ಅದ. ಬೀಜ ಈಗ ಬಿದ್ದರೆ ಬಿಸಿಲು ಏರುವುದರೊಳಗೆ ಬೇರು ಕೆಳಗೆ ಇಳಿದಿರುತ್ತದೆ. ಏಪ್ರಿಲ್‌ನಲ್ಲಿ ನರ್ಸರಿಯಿಂದ ತಂದು ಹಚ್ಚಿದ ಗಿಡಕ್ಕೆ ಆ ಅವಕಾಶ ಸಿಗೋದಿಲ್ಲ.

ಗಿಡಕ್ಕೆ ಬಿಸಿಲು ಹ್ಯಾಂಗ ತಟ್ಟುತ್ತದೆ?

ನಮಗೆ ಬೆವರು ಬಂದು ಮೈ ತಣ್ಣಗಾಗುವಂತೆ ಗಿಡವೂ ಎಲೆಯ ಸಣ್ಣ ರಂಧ್ರಗಳಿಂದ ನೀರು ಬಿಟ್ಟು ತನ್ನನ್ನು ತಣ್ಣಗೆ ಇಟ್ಟುಕೊಳ್ಳುತ್ತದೆ. ಆ ನೀರು ಬರಬೇಕಾದದ್ದು ಬೇರಿನಿಂದ. ಬೇರು ನೀರು ಎಳೆಯದೇ ಹೋದರೆ ಎಲೆ ತನ್ನ ರಂಧ್ರ ಮುಚ್ಚಿಕೊಳ್ಳುತ್ತದೆ, ಬೆವರು ನಿಂತು ಎಲೆ ಕಾಯುತ್ತದೆ, ಅಂಚು ಸುಡುತ್ತದೆ, ಮೊಗ್ಗು ಉದುರುತ್ತದೆ. ಎಲೆ ಸುಟ್ಟದ್ದು ಕಣ್ಣಿಗೆ ಕಾಣ್ತದ, ಆದರೆ ತೊಂದರೆ ಶುರುವಾದದ್ದು ಮಣ್ಣಿನ ಒಳಗೆ.

ಕೆಲವು ಗಿಡಗಳ ದೇಹವೇ ಬಿಸಿಲಿಗೆ ಹೇಳಿ ಮಾಡಿಸಿದ್ದು. ನಮ್ಮ ಜೋಳ, ಗೋವಿನಜೋಳ ಬೇಸಿಗೆಯಲ್ಲೂ ಹಸಿರಾಗಿ ನಿಲ್ಲುವುದನ್ನು ನೋಡಿದ್ದೀರಿ. ಅವು ಆಹಾರ ತಯಾರಿಸುವ ರೀತಿಯೇ ಬೇರೆ. ಕಾಲೇಜಿನಲ್ಲಿ ಅದನ್ನ ಸಿ-4 ಅಂತ ಓದಿಸ್ತಾರ. ಬಿಸಿ ಏರಿದಾಗ ಉಳಿದ ಗಿಡಗಳು ತಾವು ಮಾಡಿದ ಆಹಾರದ ಒಂದು ಪಾಲನ್ನು ವ್ಯರ್ಥ ಮಾಡಿಕೊಳ್ಳುತ್ತವೆ. ಸಿ-4 ಗಿಡಗಳಲ್ಲಿ ಆ ನಷ್ಟ ಬಹಳ ಕಡಿಮೆ, ನೀರೂ ಕಡಿಮೆ ಸಾಕು. ಹೂಗಳಲ್ಲಿ ಗಾಂಫ್ರೀನಾ ಮತ್ತು ಟೇಬಲ್ ರೋಸ್ ಇದೇ ಗುಂಪಿನವು. ಹಂಗಾಗಿ ಪಟ್ಟಿಯಲ್ಲಿ ಅವು ಮೊದಲು ಬರುತ್ತವೆ.

ಮೊದಲು ನೀರಿನ ಲೆಕ್ಕ

ಗಿಡ ತರುವ ಮೊದಲು ಈ ಲೆಕ್ಕ ಮಾಡ್ರಿ. 1 ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ನೀರು ಅಂದ್ರೆ 1 ಲೀಟರ್. ಏಪ್ರಿಲ್‌ನಲ್ಲಿ ನಮ್ಮ ಬಯಲು ಸೀಮೆಯಲ್ಲಿ ದಿನಕ್ಕೆ ಸುಮಾರು 6ರಿಂದ 7 ಮಿಲಿಮೀಟರ್ ನೀರು ಆವಿಯಾಗುತ್ತದೆ ಅಂತ ಹಿಡಿಯೋಣ. 12 ಇಂಚಿನ ಕುಂಡದ ಬಾಯಿ 0.07 ಚದರ ಮೀಟರ್. ಅಂದರೆ ಬರೀ ಬಾಯಿಯಷ್ಟಕ್ಕೇ ದಿನಕ್ಕೆ ಅರ್ಧ ಲೀಟರ್. ಗಿಡ ಕುಂಡದಿಂದ ಹೊರಗೆ ಹರಡುವುದರಿಂದ 1 ಲೀಟರ್ ಅಂತ ಇಟ್ಟುಕೊಳ್ಳಿರಿ. ಹತ್ತು ಕುಂಡಕ್ಕೆ 10 ಲೀಟರ್, ಅಂದ್ರೆ ದಿನಾ ಹತ್ತಿರತ್ತಿರ ಒಂದು ಕೊಡ.

ನವಲಗುಂದ, ಅಣ್ಣಿಗೇರಿ ಕಡೆ ನೆಲದೊಳಗಿನ ನೀರು ಸವಳು. ಕುಡಿಯಾಕ ನೆಚ್ಚಿರೋದು ಮಲಪ್ರಭೆಯಿಂದ ಬಂದು ಕೆರೆ ತುಂಬೋ ನೀರು, ಅದೂ ಸರದಿಯ ಮೇಲೆ. ಆ ನೀರು ಹಿಡಿದು ತುಂಬಿಡೋರು ಹೆಚ್ಚಿನ ಮನೆಗಳಲ್ಲಿ ಅವ್ವ, ಅಕ್ಕ, ಹೆಂಡತಿ. ನಾವು ಸಂತ್ಯಾಗ ಚಂದ ಕಂಡವು ಅಂತ ಹತ್ತು ಗಿಡ ತಂದು ಇಟ್ಟು ಹೊಲಕ್ಕ ಹೋದರೆ, ದಿನಾ ಒಂದು ಕೊಡದ ಕೆಲಸ ಅವರ ಸೊಂಟದ ಮ್ಯಾಲೆ ಬೀಳ್ತದ. ಹಂಗಾಗಿ ನಾನು ಕೇಳಿದವರಿಗೆಲ್ಲ ಮೊದಲು ಹೇಳೋದು: ಎಷ್ಟು ಕುಂಡ ಇಡಬೇಕು ಅನ್ನೋದನ್ನ ನೀರು ತುಂಬೋರ ಜೋಡಿ ಕೂತು ತೀರ್ಮಾನ ಮಾಡ್ರಿ.

ಇನ್ನೊಂದು ದಾರಿಯೂ ಅದ. ಅಕ್ಕಿ, ಬ್ಯಾಳಿ, ಕಾಯಿಪಲ್ಯ ತೊಳೆದ ನೀರು. ನಮ್ಮನ್ಯಾಗ ಐದು ಮಂದಿ. ಅಡಗಿ ಮನಿಯಲ್ಲಿ ಒಂದು ಬಕೆಟ್ ಇಟ್ಟು ವಾರ ಪೂರ್ತಿ ಅಳೆದಾಗ ದಿನಕ್ಕೆ 7-8 ಲೀಟರ್ ಸಿಕ್ಕಿತು. ಅಷ್ಟಕ್ಕ ಏಳೆಂಟು ಕುಂಡ ಬದುಕ್ತಾವ, ಕುಡಿಯೋ ನೀರು ಮುಟ್ಟೋದೇ ಬೇಡ. ನಿಮ್ಮ ಮನೆಯಲ್ಲಿ ಎಷ್ಟು ಬರ್ತದ ಅಂತ ಮೊದಲು ಅಳೀರಿ, ಕುಂಡದ ಸಂಖ್ಯೆ ಆಮೇಲೆ ನಿರ್ಧಾರ ಮಾಡ್ರಿ.

ಬಿಸಿಲಿಗೆ ನಿಲ್ಲುವ ಏಳು ಹೂಗಳು

1. ಟೇಬಲ್ ರೋಸ್ (ಹತ್ತು ಗಂಟೆ ಹೂ). ದಪ್ಪ, ರಸ ತುಂಬಿದ ಎಲೆ. ಮೂಲ ದಕ್ಷಿಣ ಅಮೆರಿಕ. ನೀರು ಬಹಳ ಕಡಿಮೆಯಾದಾಗ ಇದು ಎಲೆಯ ರಂಧ್ರಗಳನ್ನು ರಾತ್ರಿ ತೆರೆದು ಗಾಳಿ ತುಂಬಿಕೊಂಡು, ಹಗಲು ಮುಚ್ಚಿಕೊಂಡು ಕೂರುತ್ತದೆ. ಪೂರ್ತಿ ಬಿಸಿಲು ಬೇಕು, ನೆರಳಲ್ಲಿಟ್ಟರೆ ಹೂ ಬಿಚ್ಚೋದೇ ಇಲ್ಲ. ಬೀಜಕ್ಕಿಂತ ಕಡ್ಡಿ ಸುಲಭ: ಬೆರಳುದ್ದದ ತುಂಡು ಮುರಿದು ಮಣ್ಣಿಗೆ ಚುಚ್ಚಿದರೆ ಸಾಕು, ಮೂರು-ನಾಲ್ಕು ವಾರಕ್ಕೆ ಹೂ. ಬಾಯಿ ಅಗಲ ಇರುವ, ಆಳ ಕಡಿಮೆ ಇರುವ ಕುಂಡ, ಹಳೇ ಬಾಂಡಿ, ಎಣ್ಣೆ ಡಬ್ಬಿ ಎಲ್ಲಾ ನಡೀತದ. ಕೆಳಗೆ ತೂತು ಮಾತ್ರ ಇರಬೇಕು. ಮೂರು ದಿನಕ್ಕೊಮ್ಮೆ ನೀರು ಸಾಕು. ಪೂಜೆಗೆ, ಮಾಲೆಗೆ ಬರೋದಿಲ್ಲ. ಮಧ್ಯಾಹ್ನ ದಾಟಿದರೆ ಮುದುಡ್ತದ.

2. ಗಾಂಫ್ರೀನಾ. ಗುಂಡಿಯಂಥ ನೇರಳೆ, ಗುಲಾಬಿ, ಬಿಳಿ ಹೂ. ಕಿತ್ತು ಒಣಗಿಸಿದರೂ ಬಣ್ಣ ಬಿಡೋದಿಲ್ಲ. ನನ್ನ ಲೆಕ್ಕದಲ್ಲಿ ನಮ್ಮ ಸೀಮೆಗೆ ಇದಕ್ಕಿಂತ ನೆಚ್ಚಿನ ಬೇಸಿಗೆ ಹೂ ಇನ್ನೊಂದಿಲ್ಲ. ಬೀಜಕ್ಕೆ ಹತ್ತಿಯಂಥ ಜುಂಜು ಇರ್ತದ. ಒಂದು ರಾತ್ರಿ ನೀರಲ್ಲಿ ನೆನೆಸಿ ಹಾಕಿದರೆ ಮೊಳಕೆ ಬೇಗ. ಬಿತ್ತಿದ ಮೇಲೆ 80-90 ದಿನಕ್ಕೆ ಹೂ ಶುರು, ಆಮೇಲೆ ಮಳೆಗಾಲದವರೆಗೂ ಬಿಡುತ್ತಾ ಹೋಗ್ತದ. ಕಟ್ಟಿದ ಮಾಲೆ ದೂರದ ಸಂತೆಗೆ ಹೋದರೂ ಬಾಡೋದಿಲ್ಲ.

3. ಜಿನಿಯಾ. ಅತಿ ಬೇಗ ಬರುವ ಹೂ. 4-7 ದಿನಕ್ಕೆ ಮೊಳಕೆ, 55-60 ದಿನಕ್ಕೆ ಹೂ. ಬೇರು ಕದಲಿಸಿದರೆ ಸಿಟ್ಟಾಗೋ ಗಿಡ, ಆದ್ದರಿಂದ ಇರಬೇಕಾದ ಜಾಗದಲ್ಲೇ ನೇರ ಬೀಜ ಹಾಕ್ರಿ. ನೀರು ಬುಡಕ್ಕೆ ಮಾತ್ರ. ಎಲೆ ತೊಯ್ದರೆ ಎಲೆಚುಕ್ಕಿ ರೋಗ ಬರ್ತದ. ಬಾಡಿದ ಹೂವನ್ನು ಚಿವುಟಿ ತೆಗೆದಷ್ಟೂ ಹೊಸ ಕವಲು ಒಡೀತದ.

4. ಸದಾಪುಷ್ಪ (ನಿತ್ಯಪುಷ್ಪ, ಕಾಶಿ ಕಣಗಿಲೆ). ಮಡಗಾಸ್ಕರ್ ಮೂಲದ್ದು. ನಮ್ಮ ಊರ ಗುಡಿ ಗೋಡೆಯ ಬಿರುಕಿನಲ್ಲೂ ಬೆಳೆದದ್ದನ್ನು ನೋಡಿರ್ತೀರಿ. ನಿಜಕ್ಕೂ ಇದು ಹಲವು ವರ್ಷ ಬದುಕುವ ಗಿಡ, ಆದರೆ ಕುಂಡದಲ್ಲಿ ವರ್ಷಕ್ಕೊಮ್ಮೆ ಹೊಸದು ಮಾಡಿದರೆ ಹೂ ಚಲೋ ಬರ್ತಾವ. ಇದಕ್ಕೆ ವೈರಿ ಬಿಸಿಲಲ್ಲ, ನಿಂತ ನೀರು. ಮಣ್ಣು ಸದಾ ಒದ್ದೆ ಇದ್ದರೆ ಬೇರು ಕೊಳೆತು ಒಂದೇ ವಾರದಲ್ಲಿ ಗಿಡ ಕುಸೀತದ. ಆಡು, ಎಮ್ಮೆ ಇದನ್ನ ಮುಟ್ಟೋದಿಲ್ಲ, ಯಾಕಂದ್ರ ಎಲೆಯಲ್ಲಿ ವಿಷ ಅದ. ಕ್ಯಾನ್ಸರ್ ಔಷಧಿಯಾದ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಬರೋದು ಇದೇ ಗಿಡದಿಂದ. ಸಕ್ಕರೆ ಕಾಯಿಲೆಗೆ ಅಂತ ಎಲೆ ಅರೆದು ಕುಡಿಯೋ ರೂಢಿ ಕೆಲವು ಕಡೆ ಅದ. ದಯವಿಟ್ಟು ಬ್ಯಾಡ್ರಿ.

5. ಗೈಲಾರ್ಡಿಯಾ. ಕೆಂಪು-ಹಳದಿ ಹೂ, ಅಮೆರಿಕದ ಒಣ ಬಯಲಿನ ಗಿಡ. ಮಸಾರಿ ಮಣ್ಣಿನಲ್ಲೂ, ಒಂದಿಷ್ಟು ಸವಳು ಇರುವಲ್ಲಿಯೂ ತಾಳಿಕೊಳ್ಳುತ್ತದೆ. ಗೊಬ್ಬರ ಜಾಸ್ತಿ ಕೊಟ್ಟರೆ ಎಲೆ ಬರ್ತದ, ಹೂ ಬರೋದಿಲ್ಲ. ಬಿಡಿ ಹೂವಾಗಿ ಮಾರಾಟಕ್ಕೂ ಬರ್ತದ.

6. ಕೋಳಿಜುಟ್ಟು. ನಮ್ಮ ಹೊಲಗಳಲ್ಲಿ ಕಳೆಯಾಗಿ ಬರುವ, ಬಿಳಿ-ಗುಲಾಬಿ ತೆನೆಯ ಗಿಡ ಇದರ ಬಳಗದ್ದೇ. ಕಳೆಯಾಗಿ ಬದುಕುವ ತಾಕತ್ತು ಇದಕ್ಕೂ ಬಂದದ. ಒಂದೇ ಎಚ್ಚರ: ಅಗಿ ಸಣ್ಣದಿದ್ದಾಗ ಒಣಗಿಸಬೇಡ್ರಿ. ಒಮ್ಮೆ ಬಾಡಿದ ಅಗಿ ಮೋಟಾಗಿಯೇ ಉಳಿದು ಸಣ್ಣ ಹೂ ಬಿಟ್ಟು ಮುಗಿಸ್ತದ.

7. ಚೆಂಡು ಹೂ. ಎಲ್ಲರಿಗೂ ಬೇಕಾದದ್ದು, ಆದರೆ ಬೇಸಿಗೆಗೆ ಇದು ನಡುವಿನ ದರ್ಜೆಯದು ಅಂತ ತಿಳ್ಕೊಳ್ರಿ. ಗಿಡ ಸಾಯೋದಿಲ್ಲ, ಆದರೆ ಬಿಸಿಲು 38 ಡಿಗ್ರಿ ದಾಟಿದಾಗ ಹೂವಿನ ಗಾತ್ರ ಕುಗ್ಗುತ್ತದೆ, ಕೆಂಪು ಜೇಡ ನುಸಿ ಹತ್ತುತ್ತದೆ. ಗಿಡ್ಡ ಜಾತಿ ಕೆಲ ದಿನ ಹೂ ಬಿಡೋದನ್ನೇ ನಿಲ್ಲಿಸಿಬಿಡ್ತದ. ಎತ್ತರದ ದೊಡ್ಡ ಹೂವಿನ ಜಾತಿ ಒಂದಿಷ್ಟು ಹೆಚ್ಚು ತಡೀತದ. ಫೆಬ್ರವರಿ ಮೊದಲ ವಾರ ಬೀಜ ಹಾಕಿದರೆ ಉಗಾದಿಗೆ ಹೂ ಸಿಗೋದಿಲ್ಲ, ಬಸವ ಜಯಂತಿ ಸುಮಾರಿಗೆ ಶುರುವಾಗ್ತಾವ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಬಂಗಾರ, ಅರ್ಕಾ ಅಗ್ನಿ ತಳಿಗಳು ಬೀಜ ಕಟ್ಟೋದಿಲ್ಲ, ತುದಿ ಕಡ್ಡಿಯಿಂದ ಬೆಳೆಸಬೇಕು. ಅವನ್ನ ಹಚ್ಚಿದರೆ ಬೀಜಕ್ಕಂತ ಕಾಯ್ಕೋತ ಕೂಡಬೇಡ್ರಿ.

ಬದುವಿಗೆ, ಬೇಲಿ ಅಂಚಿಗೆ ಅಂತ ಕೇಳಿದರೆ ಕಿತ್ತಳೆ ಬಣ್ಣದ ಕಾಸ್ಮಾಸ್ ಹಾಕ್ರಿ. ಬೀಜ ಚೆಲ್ಲಿ ಎರಡು ಸಲ ನೀರು ಕೊಟ್ಟರೆ ಮುಂದೆ ಕೇಳೋದೇ ಬೇಡ, ಮುಂದಿನ ವರ್ಷ ತಾನೇ ಹುಟ್ಟಿ ಬರ್ತದ.

ಮಾರ್ಚ್‌ನಲ್ಲಿ ತರಬಾರದ ಗಿಡಗಳು

ಪೆಟೂನಿಯಾ, ಪ್ಯಾನ್ಸಿ, ಡೇಲಿಯಾ, ಅಸ್ಟರ್, ಸಾಲ್ವಿಯಾ. ಇವು ಚಳಿಗಾಲದಲ್ಲಿ ಬೆಳೆದು ಹೂ ತುಂಬಿಕೊಂಡು ನರ್ಸರಿಯಲ್ಲಿ ನಿಂತಿರ್ತಾವ. ನೋಡಾಕ ಬಹಳ ಚಂದ. ಆದರೆ ಅವುಗಳ ಆಯುಷ್ಯ ಆಗಲೇ ಮುಗಿಯುತ್ತ ಬಂದಿರ್ತದ. ಮನೆಗೆ ತಂದ ಮೂರು ವಾರದಲ್ಲಿ ಒಣಗಿದರೆ ನಿಮ್ಮ ಕೈಗುಣ ಸರಿ ಇಲ್ಲ ಅಂತ ಅಲ್ಲ. ಇವನ್ನ ಅಕ್ಟೋಬರ್‌ನಲ್ಲಿ ತರ್ರಿ. ಯಾವುದೇ ಗಿಡ ಕೊಳ್ಳುವಾಗ ಹೂ ಎಣಿಸಬೇಡ್ರಿ. ಹೂ ಇಲ್ಲದ, ಕವಲೊಡೆದ, ಚೀಲದ ತೂತಿನಿಂದ ಬಿಳಿ ಬೇರು ಇಣುಕುವ ಎಳೆ ಗಿಡ ಆರಿಸ್ರಿ.

ಕುಂಡ: ಕಾಯೋದು ಗಿಡ ಅಲ್ಲ, ಗೋಡೆ

ಕಪ್ಪು ಪ್ಲಾಸ್ಟಿಕ್ ಕುಂಡ ಅಥವಾ ಕಪ್ಪು ಪಾಲಿಥಿನ್ ಚೀಲವನ್ನು ಪಶ್ಚಿಮದ ಬಿಸಿಲಿಗೆ ಇಟ್ಟರೆ, ಅದರ ಗೋಡೆಗೆ ಅಂಟಿದ ಮಣ್ಣು 45 ಡಿಗ್ರಿ ದಾಟುತ್ತದೆ. ಮಣ್ಣು 38-40 ಡಿಗ್ರಿ ಆಗುವಷ್ಟರಲ್ಲೇ ಹೆಚ್ಚಿನ ಗಿಡಗಳ ಬೇರು ಬೆಳೆಯೋದು ನಿಲ್ಲಿಸಿರುತ್ತದೆ. ಸಂಜೆ ಆರಕ್ಕೆ ಕುಂಡ ಮುಟ್ಟಿ ನೋಡ್ರಿ. ಕೈಗೆ ಬೆಚ್ಚಗೆ ಹತ್ತಿದರೆ ಒಳಗಿನ ಬೇರು ಇನ್ನೂ ಬೇಯ್ತಿರ್ತದ. ಪರಿಹಾರಕ್ಕೆ ದುಡ್ಡು ಬಹಳ ಬೇಡ:

• ಕುಂಡದ ಹೊರಗೆ ಸುಣ್ಣ ಬಳೀರಿ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸ್ತದ.
• ಕುಂಡಗಳನ್ನು ಸಾಲಾಗಿ ದೂರ ದೂರ ಇಡೋ ಬದಲು ಒತ್ತೊತ್ತಾಗಿ ಗುಂಪು ಮಾಡ್ರಿ. ಒಂದರ ನೆರಳು ಇನ್ನೊಂದರ ಗೋಡೆಗೆ ಬೀಳ್ತದ. ಪಶ್ಚಿಮದ ಅಂಚಿಗೆ ಟೇಬಲ್ ರೋಸ್ ಇಡ್ರಿ.
• ಆರ್‌ಸಿಸಿ ಛಾವಣಿ, ತಗಡು, ಫರಸಿ ಮೇಲೆ ನೇರ ಇಡಬೇಡ್ರಿ. ಕೆಳಗೆ ಎರಡು ಇಟ್ಟಂಗಿ ಕೊಟ್ಟರೆ ಗಾಳಿ ಆಡ್ತದ, ನೀರೂ ಬಸೀತದ.
• ಹಳೇ ಗೋಣಿ ಚೀಲ ಸುತ್ತಿದರೂ ಆಗ್ತದ.
• ಮಣ್ಣಿನ ಮೇಲೆ ಎರಡು ಇಂಚು ಶೇಂಗಾ ಹೊಟ್ಟು ಅಥವಾ ಕಬ್ಬಿನ ರವದಿ ಹಾಸ್ರಿ. ಕಾಂಡಕ್ಕೆ ತಾಗದಂತೆ ಎರಡು ಬೆರಳು ಜಾಗ ಬಿಡ್ರಿ.

ಮಣ್ಣಿನ ಕುಂಡ ಲೇಸೋ ಪ್ಲಾಸ್ಟಿಕ್ ಲೇಸೋ ಅಂತ ಕೇಳ್ತಾರ. ಮಣ್ಣಿನದು ತಣ್ಣಗಿರ್ತದ, ಆದರೆ ಗೋಡೆಯಿಂದಲೇ ನೀರು ಆವಿಯಾಗಿ ಹೋಗೋದರಿಂದ ನೀರು ಹೆಚ್ಚು ಕುಡೀತದ. ಪ್ಲಾಸ್ಟಿಕ್ ನೀರು ಉಳಿಸ್ತದ, ಬಿಸಿ ಹಿಡೀತದ. ನೀರಿನ ಅಡಚಣೆ ಇರೋ ನವಲಗುಂದ, ಅಣ್ಣಿಗೇರಿ ಕಡೆ ಸುಣ್ಣ ಬಳಿದ ಪ್ಲಾಸ್ಟಿಕ್ ಕುಂಡವೇ ನನ್ನ ಆಯ್ಕೆ. ಗಾತ್ರ 12 ಇಂಚಿಗಿಂತ ಕಡಿಮೆ ಬೇಡ. ಸಣ್ಣ ಕುಂಡ ಮಧ್ಯಾಹ್ನದೊಳಗೆ ಒಣಗಿಬಿಡ್ತದ.

ಕುಂಡಕ್ಕೆ ಬರೀ ಎರಿ ಮಣ್ಣು ತುಂಬಬೇಡ್ರಿ. ಒದ್ದೆಯಾದಾಗ ಅಂಟು, ಒಣಗಿದಾಗ ಗೋಡೆಯಿಂದ ಬಿಟ್ಟುಕೊಂಡು ಬಿರುಕು. ಆಮೇಲೆ ಹಾಕಿದ ನೀರು ಆ ಸಂದಿನಿಂದ ಸೀದಾ ಕೆಳಗೆ ಹೋಗ್ತದ, ಬೇರಿಗೆ ಸಿಗೋದಿಲ್ಲ. ಕಲಘಟಗಿ ಕಡೆಯವರು ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಉಸುಕು ಬೆರೆಸಿದರೆ ಸಾಕು. ಎರಿ ಮಣ್ಣು ಬಿಟ್ಟರೆ ಬೇರೆ ಇಲ್ಲ ಅನ್ನೋರು ಎರಿ, ದಪ್ಪ ಉಸುಕು, ಚೆನ್ನಾಗಿ ಕಳಿತ ತಿಪ್ಪಿ ಗೊಬ್ಬರ ಮೂರನ್ನೂ ಸಮಪಾಲು ಹಾಕಿ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸ್ರಿ. ಕಳಿಯದ ಗೊಬ್ಬರ ಬೇಸಿಗೆಯಲ್ಲಿ ಕುಂಡದೊಳಗೇ ಬಿಸಿಯಾಗಿ ಬೇರು ಸುಡ್ತದ.

ಜಾಗ ಇದ್ದರೆ ನೆಲ ಲೇಸು

ಅಂಗಳ ಅಥವಾ ಹಿತ್ತಲಲ್ಲಿ 1 ಮೀಟರ್ ಅಗಲ, 3 ಮೀಟರ್ ಉದ್ದದ ಮಡಿ ಮಾಡಿದರೆ 30 ಸೆಂಟಿಮೀಟರ್ ಅಂತರದಲ್ಲಿ ಸುಮಾರು 30 ಗಿಡ ಹಿಡೀತಾವ. ಅದಕ್ಕೆ ಬೇಕಾಗೋದು ದಿನಕ್ಕೆ ಸರಾಸರಿ 18-20 ಲೀಟರ್. ಅಂದರೆ ಕುಂಡದಲ್ಲಿ ಗಿಡಕ್ಕೆ 1 ಲೀಟರ್ ಆದರೆ ನೆಲದಲ್ಲಿ ಮುಕ್ಕಾಲು ಲೀಟರ್‌ಗಿಂತ ಕಡಿಮೆ, ಹೊಟ್ಟು ಹಾಸಿದರೆ ಇನ್ನೂ ಕಡಿಮೆ. ಬೇರು ಆಳಕ್ಕೆ ಹೋಗಿ ತನ್ನ ಪಾಲು ತಾನೇ ಹುಡುಕ್ಕೋತದ. ನಾಲ್ಕು ದಿನ ಊರಿಗೆ ಹೋದರೂ ಗಿಡ ಬದುಕಿರ್ತದ, ಕುಂಡದಲ್ಲಿ ಹಂಗಾಗೋದಿಲ್ಲ.

ಎರಿ ಭೂಮಿಯಲ್ಲಿ ಬೇಸಿಗೆಯ ದೊಡ್ಡ ಕಾಟ ಬಿರುಕು. ಬಿರುಕು ಬಿಟ್ಟಾಗ ಬೇರು ಹರಿಯುತ್ತದೆ, ಆಳದ ತೇವವೂ ಹಾರಿಹೋಗುತ್ತದೆ. ಹಿಂಗಾರಿ ಜೋಳಕ್ಕೆ ಎಡೆ ಹೊಡೆದು ಬಿರುಕು ಮುಚ್ಚುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ವಿದ್ಯೆ. ಹೂವಿನ ಮಡಿಗೂ ಅದನ್ನೇ ಮಾಡ್ರಿ: ನೀರು ಕೊಟ್ಟ ಮಾರನೇ ದಿನ ಕುರ್ಚಿಗಿಯಿಂದ ಮೇಲಿನ ಒಂದು ಇಂಚು ಮಣ್ಣು ಸಡಿಲ ಮಾಡಿ, ಮೇಲೆ ಹೊಟ್ಟು ಹಾಸ್ರಿ. ಎರಿ ನೆಲಕ್ಕೆ ನಾಲ್ಕು ದಿನಕ್ಕೊಮ್ಮೆ ಆಳವಾಗಿ ನೀರು, ಕಲಘಟಗಿಯ ಕೆಂಪು ನೆಲಕ್ಕೆ ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ. ಮೇಲೆ ಮೇಲೆ ದಿನಾ ಚಿಮುಕಿಸಿದರೆ ಬೇರು ಮೇಲೆಯೇ ಉಳಿದು ಬಿಸಿಲಿಗೆ ಸಿಕ್ಕಿಬೀಳ್ತದ.

ನೀರು ಯಾವಾಗ? ಮಧ್ಯಾಹ್ನ ಎರಡಕ್ಕೆ ಗಿಡ ಬಾಡಿದ್ದು ಕಂಡ ಕೂಡಲೇ ತಂಬಿಗಿ ಹಿಡಿದು ಓಡಬೇಡ್ರಿ. ಸಂಜೆ ಏಳಕ್ಕೆ ಅದು ತಾನೇ ಎದ್ದು ನಿಂತರೆ ಮಣ್ಣಿನಲ್ಲಿ ನೀರು ಅದ ಅಂತ ಅರ್ಥ. ಮುಂಜಾನೆ ಆರಕ್ಕೂ ಜೋತುಬಿದ್ದಿದ್ದರೆ ನಿಜವಾಗಿ ನೀರು ಬೇಕು. ಸಂಶಯ ಬಂದರೆ ಎರಡು ಬೆರಳು ಮಣ್ಣೊಳಗೆ ಚುಚ್ಚಿ ನೋಡ್ರಿ. ಕಾದ ಮಣ್ಣಿಗೆ ಪದೇ ಪದೇ ನೀರು ಹೊಯ್ದರೆ ಬೇರಿಗೆ ಗಾಳಿ ಸಿಗದೇ ಕೊಳೀತದ. ಮುಂಜಾನೆ ಎಂಟರೊಳಗೆ ಕೊಡೋದು ಎಲ್ಲಕ್ಕಿಂತ ಚಲೋ.

ಸವಳು ನೀರು ಇದ್ದವರಿಗೆ

ಎಲೆಯ ಅಂಚು ಮಾತ್ರ ಸುಟ್ಟು ಕಂದು ಆಗ್ತದ, ಕುಂಡದ ಅಂಚಿಗೆ ಬಿಳಿ ಪುಡಿ ಕಟ್ತದ. ಇವೆರಡೂ ಕಂಡರೆ ಅದು ಬಿಸಿಲಿನ ಗುರುತಲ್ಲ, ಉಪ್ಪಿನದು. ನೀರು ಆವಿಯಾಗಿ ಹೋಗ್ತದ, ಉಪ್ಪು ಅಲ್ಲೇ ಉಳೀತದ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಅಥವಾ ಸೈದಾಪುರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಒಂದು ಸಲ ನೀರು ಪರೀಕ್ಷೆ ಮಾಡಿಸ್ರಿ. ವರದಿಯಲ್ಲಿ ಇಸಿ ಅಂತ ಇರೋ ಅಂಕಿ 2 ದಾಟಿದ್ದರೆ ಆ ನೀರನ್ನು ಕುಂಡಕ್ಕೆ ಹಾಕಬೇಡ್ರಿ. ಅದಕ್ಕಿಂತ ಕಡಿಮೆ ಇದ್ದರೆ ಟೇಬಲ್ ರೋಸ್, ಗೈಲಾರ್ಡಿಯಾ, ಕೋಳಿಜುಟ್ಟಿಗೆ ನಡೀತದ. ಆದರೂ ಎರಡು-ಮೂರು ವಾರಕ್ಕೊಮ್ಮೆ ಸಿಹಿ ನೀರು ತಳದಿಂದ ಬಸಿದು ಹೋಗುವಷ್ಟು ಕೊಟ್ಟು ಉಪ್ಪು ತೊಳೀರಿ.

ಮುಖ್ಯವಾದ ಇನ್ನೊಂದು ಮಾತು. ಈಗ ಬಹಳ ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಅದಾವ. ಅಲ್ಲಿ ಹಿಂದಿನ ಪೈಪಿನಿಂದ ಹೊರಗೆ ಹೋಗೋ ನೀರು "ಪುಕ್ಕಟೆ ಸಿಗ್ತದಲ್ಲ" ಅಂತ ಗಿಡಕ್ಕೆ ತರೋರು ಇದ್ದಾರ. ಯಂತ್ರ ಸಿಹಿ ನೀರು ಬೇರೆ ಮಾಡಿ, ಉಪ್ಪನ್ನೆಲ್ಲ ಆ ಹೊರಗೆ ಬಿಡೋ ನೀರಿಗೇ ಸೇರಿಸಿರ್ತದ. ಅದು ನಿಮ್ಮ ಬೋರಿನ ನೀರಿಗಿಂತಲೂ ಹೆಚ್ಚು ಸವಳು. ಅಂಗಳ ತೊಳೆಯಾಕ ಬಳಸ್ರಿ, ಕುಂಡಕ್ಕೆ ಬೇಡ. ಹಾಗೇ ಬಟ್ಟೆ ಒಗೆದ ಪುಡಿ ನೀರು, ಸೋಡಾ ನೀರು ಯಾವ ಗಿಡಕ್ಕೂ ಬೇಡ.

ಹುಳ, ರೋಗ ಮತ್ತು ಮೆಣಸಿನಕಾಯಿ ಹೊಲ

ಬೇಸಿಗೆಯಲ್ಲಿ ಮೊದಲು ನೋಡಬೇಕಾದದ್ದು ಕೆಂಪು ಜೇಡ ನುಸಿ. ಎಲೆ ಮೇಲೆ ಸಣ್ಣ ಹಳದಿ ಚುಕ್ಕೆ, ಕೆಳಗೆ ನವಿರಾದ ಬಲೆ. ಎಲೆಯ ಕೆಳಭಾಗಕ್ಕೆ ಮುಂಜಾನೆ ರಭಸವಾಗಿ ನೀರು ಹೊಡೆದರೆ ಅರ್ಧ ಕಡಿಮೆಯಾಗ್ತದ. ಉಳಿದದ್ದಕ್ಕೆ 1 ಲೀಟರ್ ನೀರಿಗೆ 3ರಿಂದ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸಾಬೂನು ಕಲಸಿ ಸಂಜೆ ಹೊತ್ತು ಸಿಂಪಡಿಸ್ರಿ. ಗಂಧಕದ ಪುಡಿ ಏಪ್ರಿಲ್‌ನಲ್ಲಿ ಬೇಡ. ಬಿಸಿಲು ಜೋರಿದ್ದಾಗ ಗಂಧಕವೇ ಎಲೆ ಸುಡ್ತದ. ಹಿಟ್ಟು ತಿಗಣೆ ಜಿನಿಯಾಕ್ಕೆ ಹತ್ತುತ್ತದೆ. ಸುತ್ತ ಕಾಂಗ್ರೆಸ್ ಕಸ ಇದ್ದರೆ ಅದೇ ಅದರ ತವರು, ಮೊದಲು ಅದನ್ನ ಕೀಳ್ರಿ.

ಕುಂದಗೋಳ, ಅಣ್ಣಿಗೇರಿಯ ಮೆಣಸಿನಕಾಯಿ, ಹತ್ತಿ ಬೆಳೆಗಾರರು ಇದನ್ನ ಗಮನವಿಟ್ಟು ಓದ್ರಿ. 2021ರಲ್ಲಿ ಆಂಧ್ರ, ತೆಲಂಗಾಣ, ನಮ್ಮ ಕರ್ನಾಟಕದ ಮೆಣಸಿನಕಾಯಿ ಹೊಲಗಳನ್ನು ಹಾಳು ಮಾಡಿದ ಕಪ್ಪು ಥ್ರಿಪ್ಸ್ ಹೂವಿನೊಳಗೆ ಅಡಗಿ ಕೂರೋ ಕೀಟ. ಅಲಂಕಾರದ ಹೂಗಿಡಗಳೂ ಅದಕ್ಕೆ ಆಸರೆ ಆಗ್ತಾವ. ಹಂಗಂತ ಹೂ ಹಚ್ಚಬೇಡ್ರಿ ಅನ್ನೋದಿಲ್ಲ. ವಾರಕ್ಕೊಮ್ಮೆ ಎರಡು ಹೂ ಕಿತ್ತು ಬಿಳಿ ಹಾಳೆ ಮೇಲೆ ಕೊಡವಿ ನೋಡ್ರಿ. ಕರಿ ಎಳ್ಳಿಗಿಂತಲೂ ಸಣ್ಣ ಹುಳ ಓಡಾಡಿದರೆ ಮೊಬೈಲಿನಲ್ಲಿ ಫೋಟೋ ತೆಗೆದು ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸ್ರಿ. ಜೂನ್‌ನಲ್ಲಿ ಮೆಣಸಿನ ಅಗಿ ಹಾಕೋ ಮೊದಲು ಹೊಲದ ಅಂಚಿನ ಬೇಸಿಗೆ ಹೂಗಿಡಗಳನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ರಿ. ಮನೆ ಅಂಗಳದ್ದು ಇರಲಿ, ಹೊಲದ ಬದುವಿನದು ಬೇಡ.

ಅದೇ ಟೊಮ್ಯಾಟೊ ಬೆಳೆಗಾರರಿಗೆ ಚೆಂಡು ಹೂ ಗೆಳೆಯ. 16 ಸಾಲು ಟೊಮ್ಯಾಟೊಕ್ಕೆ 1 ಸಾಲು ಚೆಂಡು ಹೂ ಹಾಕಿದರೆ ಕಾಯಿ ಕೊರಕದ ಪತಂಗ ಹೂವಿಗೆ ಹೋಗಿ ಮೊಟ್ಟೆ ಇಡ್ತದ. 40 ದಿನದ ಚೆಂಡು ಹೂ ಅಗಿ, 25 ದಿನದ ಟೊಮ್ಯಾಟೊ ಅಗಿ ಒಂದೇ ದಿನ ಹಚ್ಚಬೇಕು. ಹಂಗ ಮಾಡಿದರೆ ಎರಡೂ ಒಟ್ಟಿಗೆ ಹೂವಿಗೆ ಬರ್ತಾವ.

ಇಷ್ಟೆಲ್ಲಾ ಯಾಕ ಬೇಕು?

ಕಡ್ಲಿ, ಜೋಳ, ಕುಸುಬಿ ರಾಶಿ ಆದ ಮೇಲೆ ನಮ್ಮ ಎರಿ ಬಯಲು ಎರಡು-ಮೂರು ತಿಂಗಳು ಬರಿದು. ಕಣ್ಣು ಹಾಯಿಸಿದಷ್ಟೂ ಹೂ ಇಲ್ಲ. ಆ ದಿನಗಳಲ್ಲಿ ಜೇನು ಎಲ್ಲಿಗೆ ಹೋಗಬೇಕು? ಮುಂಗಾರಿನಲ್ಲಿ ಸೂರ್ಯಕಾಂತಿಗೆ, ಸೌತಿಗೆ, ಹೀರಿಗೆ ಕಾಯಿ ಕಟ್ಟಿಸಾಕ ಅವೇ ಬೇಕು. ಹೇನು, ಕೀಡೆ ತಿನ್ನೋ ಮಿತ್ರ ಕೀಟಗಳಿಗೂ ಮಕರಂದ ಬೇಕು. ಮನೆ ಮುಂದಿನ ಹತ್ತು ಕುಂಡ ಅವುಗಳ ಬೇಸಿಗೆ ಬುತ್ತಿ. ಅದಕ್ಕೇ ಒಂದು ಸಲಹೆ: ಎಸಳು ಒತ್ತೊತ್ತಾಗಿ ತುಂಬಿದ ಹೂಗಳ ಜೊತೆಗೆ ಒಂದೇ ಸುತ್ತಿನ ಎಸಳಿನ ಜಿನಿಯಾ, ಕಾಸ್ಮಾಸ್, ಗೈಲಾರ್ಡಿಯಾ ಕೂಡ ಹಾಕ್ರಿ. ಎಸಳು ತುಂಬಿದ ಹೂವಿನಲ್ಲಿ ಜೇನಿಗೆ ಸಿಗೋದು ಬಹಳ ಕಡಿಮೆ.

ದುಡ್ಡಿನ ಮಾತೂ ಬಿಡಬಾರದು. ದಿನಾ ಪೂಜೆಗೆ ಹೂ ಕೊಳ್ಳೋ ಖರ್ಚು ಉಳೀತದ. ಅರ್ಧ ಗುಂಟೆ ಗಾಂಫ್ರೀನಾ, ಗೈಲಾರ್ಡಿಯಾ ಇದ್ದವರು ಮದುವೆ ಸೀಸನ್ನಿನಲ್ಲಿ ಊರೊಳಗೇ ಮಾರಬಹುದು. ಹುಬ್ಬಳ್ಳಿ ಮಾರುಕಟ್ಟೆಗೆ ಒಯ್ಯೋದಾದರೆ ಬಸ್ ಖರ್ಚು, ದಲಾಲಿ ಕಳೆದು ಏನು ಉಳೀತದ ಅಂತ ಮೊದಲ ವಾರವೇ ಬರೆದಿಟ್ಟು ನೋಡ್ರಿ, ಆಮೇಲೆ ಜಾಗ ಹೆಚ್ಚು ಮಾಡ್ರಿ.

ಬೀಜ ಮನೆಯಲ್ಲೇ ಉಳಿಸಿಕೊಳ್ಳೋದು ಸುಲಭ. ಗಾಂಫ್ರೀನಾ, ಕಾಸ್ಮಾಸ್, ಗೈಲಾರ್ಡಿಯಾ, ಸಾದಾ ಜಿನಿಯಾದ ಹೂ ಗಿಡದಲ್ಲೇ ಪೂರ್ತಿ ಒಣಗಿದ ಮೇಲೆ ಕಿತ್ತು, ನೆರಳಲ್ಲಿ ಒಂದು ವಾರ ಆರಿಸಿ, ಕಾಗದದ ಪೊಟ್ಟಣಕ್ಕೆ ಹಾಕಿ ತಾರೀಖು ಬರೀರಿ. ಪಾಕೀಟಿನ ಮೇಲೆ ಹೈಬ್ರಿಡ್ ಅಥವಾ ಎಫ್-1 ಅಂತ ಇದ್ದರೆ ಮುಂದಿನ ವರ್ಷ ಅದೇ ಹೂ ಬರೋದಿಲ್ಲ, ಅಂಥ ಬೀಜ ಎತ್ತಿಡಬೇಡ್ರಿ.

ಈ ವಾರದ ಕೆಲಸ

• ಅಡಗಿ ಮನಿಯಲ್ಲಿ ಬಕೆಟ್ ಇಟ್ಟು ಏಳು ದಿನ ನೀರು ಅಳೀರಿ, ಅದರ ಮೇಲೆ ಕುಂಡದ ಸಂಖ್ಯೆ ತೀರ್ಮಾನ ಮಾಡ್ರಿ.
• ಗಾಂಫ್ರೀನಾ, ಕೋಳಿಜುಟ್ಟು, ಸದಾಪುಷ್ಪ, ಗೈಲಾರ್ಡಿಯಾ, ಚೆಂಡು ಹೂ: ಇವುಗಳ ಬೀಜ ಈ ವಾರವೇ ಟ್ರೇಗೆ ಹಾಕ್ರಿ. ಸದಾಪುಷ್ಪದ ಬೀಜ ಕತ್ತಲಲ್ಲಿ ಮೊಳೀತದ, ಮೊಳಕೆ ಬರೋವರೆಗೆ ಗೋಣಿ ಮುಚ್ರಿ.
• ಜಿನಿಯಾ, ಕಾಸ್ಮಾಸ್ ಇದೇ ತಿಂಗಳ ಕೊನೆಯೊಳಗೆ ಇರಬೇಕಾದ ಜಾಗದಲ್ಲೇ ನೇರ ಬಿತ್ತನೆ.
• ಯಾರದಾದರೂ ಮನೆಯಲ್ಲಿ ಟೇಬಲ್ ರೋಸ್ ಇದ್ದರೆ ನಾಲ್ಕು ಕಡ್ಡಿ ಇಸ್ಕೊಂಡು ಬರ್ರಿ. ಇದಕ್ಕ ರೊಕ್ಕ ಕೊಡೋ ಅಗತ್ಯ ಇಲ್ಲ.
• ಖಾಲಿ ಕುಂಡಗಳಿಗೆ ಈಗಲೇ ಸುಣ್ಣ ಬಳೀರಿ, ಶೇಂಗಾ ಹೊಟ್ಟು ಒಂದು ಚೀಲ ಎತ್ತಿಡ್ರಿ.
• ಅಗಿ ನಾಲ್ಕು-ಆರು ಎಲೆ ಆದ ಮೇಲೆ, ಮಾರ್ಚ್ 10ರೊಳಗೆ, ಸಂಜೆ ಹೊತ್ತು ನಾಟಿ ಮಾಡ್ರಿ. ಮೊದಲ ಐದು ದಿನ ಮಧ್ಯಾಹ್ನದ ಬಿಸಿಲಿಗೆ ತೊಗರಿ ಕಟಗಿ ಚುಚ್ಚಿ ಒಂದಿಷ್ಟು ಮರೆ ಮಾಡ್ರಿ. ಆಮೇಲೆ ತೆಗೆದುಬಿಡ್ರಿ, ಬಿಸಿಲಿಗೆ ಅವು ಹೊಂದಿಕೊಳ್ತಾವ.

ಮುಂದಿನ ವಾರ ನೀರು ಪರೀಕ್ಷೆಯ ವರದಿಯನ್ನು ಸಾಲು ಸಾಲಾಗಿ ಓದೋದು ಹ್ಯಾಂಗ ಅಂತ ಬರೀತೀನಿ. ವರದಿ ಇದ್ದವರು ಕೈಯಲ್ಲಿ ಹಿಡ್ಕೊಂಡೇ ಓದಾಕ ಕೂಡ್ರಿ.